ಕರೆಂಟು ತೆಗೆದ ಅಕ್ಕನಿಗೆ

ಮಂಚೇನಹಳ್ಳಿ,
೧೨ ಮಾರ್ಚ್ ೨೦೨೬, ಗುರುವಾರ

ಪ್ರೀತಿಯ ಹರಿಣಕ್ಕ,

ಸೋಮವಾರ ಹಗಲು ನಮ್ಮೂರಿನ ಕರೆಂಟು ತೆಗೆದವಳು ನೀನು, ಅದು ಅನ್ಯಾಯ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಟ್ಟರೆ ಮಿಕ್ಕದ್ದನ್ನು ಮರ್ಯಾದೆಯಾಗಿ ಬರೆಯಬಹುದು ಅಂತ ಹೇಳಿದ್ದೇನೆ. ಈಗ ಕ್ಷೇಮಸಮಾಚಾರ. ನಿನ್ನ ಕಣ್ಣುರಿ ಹೇಗಿದೆ? ಗೋಡೆಯಷ್ಟು ದೊಡ್ಡ ಪರದೆಯನ್ನು ಶಿಫ್ಟು ಮುಗಿಯುವ ತನಕ ದಿಟ್ಟಿಸುತ್ತಾ ಕೂತರೆ ಯಾರ ಕಣ್ಣು ತಾನೇ ಸುಮ್ಮನಿರುತ್ತದೆ. ಸೌತೆಕಾಯಿ ಬಿಲ್ಲೆ ಇಟ್ಟುಕೊಳ್ಳಲು ಹೇಳು ಅಂದಳು ಅಮ್ಮ. ಕ್ಯಾಂಟೀನಿನ ತಣ್ಣಗಿನ ಚಿತ್ರಾನ್ನ ತಿನ್ನಬಾರದಂತೆ. ನೀನು ತಿಂದೇ ತಿನ್ನುತ್ತೀಯ ಅಂತ ನನಗೆ ಗೊತ್ತು. ಇಲ್ಲಿ ಅಪ್ಪನ ಮಂಡಿನೋವು ಇದ್ದ ಹಾಗೇ ಇದೆ. ಆದರೂ ಬೆಳಿಗ್ಗೆ ಎದ್ದು ಹಿಪ್ಪುನೇರಳೆ ತೋಟಕ್ಕೆ ಹೋಗುವುದನ್ನು ಬಿಟ್ಟಿಲ್ಲ. ಅಮ್ಮ ಚೆನ್ನಾಗಿದ್ದಾಳೆ ಅಂತ ಬರೆಯಲು ಹೇಳಿದಳು. ಬರೆದಿದ್ದೇನೆ.

ಕೈಯಲ್ಲಿ ಫೋನಿರುವಾಗ ಕಾಗದವೇಕೆ ಅಂತ ನಗಬೇಡ. ಫೋನಿನಲ್ಲಿ ನಿನ್ನ ಜೊತೆ ಜಗಳ ಆಡುವುದಕ್ಕೇ ಆಗುವುದಿಲ್ಲ. ಬೆಂಗಳೂರಿನ ಗ್ರಿಡ್ ಕಂಟ್ರೋಲ್ ರೂಮಿನಲ್ಲಿದ್ದರೆ ಫೋನು ಲಾಕರಿನಲ್ಲಿ. ಹೊರಗೆ ಬಂದರೆ "ಆಮೇಲೆ ಮಾತಾಡ್ತೀನಿ ಕಣೇ, ನಿದ್ದೆ ಬರ್ತಿದೆ". ಅಪರೂಪಕ್ಕೆ ಸಿಕ್ಕರೆ ಅಮ್ಮ ಸ್ಪೀಕರ್ ಹಾಕಿ ಬೀದಿಯನ್ನೆಲ್ಲ ಕೂರಿಸಿಕೊಂಡಿರುತ್ತಾಳೆ. ಸೋಮವಾರ ಸಂಜೆ "ತೆಗೆದಿದ್ದು ನೀನೇನಾ?" ಅಂತ ಮೆಸೇಜು ಹಾಕಿದೆ. "ಹೌದು ಕಣೇ, ಫ್ರೀಕ್ವೆನ್ಸಿ ಬಿದ್ದಿತ್ತು, ಸಾರಿ" ಅಂತ ಬರೆದು ನೀನು ಕೈಮುಗಿದ ಚಿತ್ರ ಕಳಿಸಿದೆ. ಕೈಮುಗಿದ ಚಿತ್ರಕ್ಕೆ ಏನು ಉತ್ತರ ಕೊಡಬೇಕೆಂದು ನಾನು ಓದಿದ ಯಾವ ಪುಸ್ತಿಕೆಯಲ್ಲೂ ಇಲ್ಲ. ಕಾಗದವಾದರೆ ನೀನು ಪೂರ್ತಿ ಓದಲೇಬೇಕು. ನಡುವೆ ಕಟ್ ಮಾಡಲು ಬರುವುದಿಲ್ಲ.

ಸೋಮವಾರ ಏನಾಯಿತು ಅಂತ ಹೇಳುತ್ತೇನೆ, ಯಾಕೆಂದರೆ ನಿನ್ನ ಪರದೆಯ ಮೇಲೆ ಅದು ಒಂದು ಚುಕ್ಕೆಯ ಬಣ್ಣ ಬದಲಾದದ್ದು ಅಷ್ಟೇ ಇರಬಹುದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಿಂದ ನಮ್ಮ ಹೆಂಗಸರ ಸಂಘದವರು ತಂದದ್ದು ಈ ವರ್ಷದಲ್ಲೇ ಒಳ್ಳೆಯ ಬಿಳಿ ರೇಷ್ಮೆಗೂಡು. ಬೆಳಿಗ್ಗೆಯೇ ಶೆಡ್ಡಿನ ಬಿಸಿನೀರಿನ ಬೇಸಿನ್ನಿಗೆ ಬಿದ್ದಿತ್ತು. ಬೆಂದ ಗೂಡಿನಿಂದ ಎಳೆ ಹುಡುಕಿ, ಏಳೆಂಟು ಎಳೆ ಸೇರಿಸಿ ಒಂದು ದಾರ ಮಾಡಿ ರಾಟೆಗೆ ಏರಿಸುವುದು, ರಾಟೆ ಒಂದೇ ವೇಗದಲ್ಲಿ ತಿರುಗುತ್ತಿರುವುದು: ಇಷ್ಟೇ ನಮ್ಮ ಕೆಲಸ, ಇಷ್ಟರಲ್ಲೇ ಎಲ್ಲ ಇದೆ. ರಾಟೆ ನಿಂತರೆ ಗೂಡು ಬಿಸಿನೀರಿನಲ್ಲಿ ಬೇಯುತ್ತಲೇ ಇರುತ್ತದೆ, ಅಂಟು ಕರಗುತ್ತದೆ, ಎಳೆ ಗಂಜಿಯ ಹಾಗಾಗುತ್ತದೆ. ಕರೆಂಟು ಹೋದದ್ದೇ ಹೆಂಗಸರು ಕೈಯಿಂದಲೇ ರಾಟೆ ತಿರುಗಿಸಿದರು. ಕೈ ತಿರುಗಿಸುವುದು ಕೈಯ ಹಾಗೆ, ಮೋಟಾರಿನ ಹಾಗಲ್ಲ. ದಾರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲು. ಮಂಗಳವಾರ ಅದನ್ನು ಚಿಂತಾಮಣಿಗೆ, ಹುರಿ ಹಾಕುವ ವೆಂಕಟರಾಯಪ್ಪನವರಿಗೆ ಕಳಿಸಿದೆವು. ನಿನ್ನೆ ಅದೇ ಆಟೋದಲ್ಲಿ ವಾಪಸು ಬಂತು. "ಇದನ್ನ ಹುರಿ ಹಾಕಕ್ಕಾಗಲ್ಲಮ್ಮ, ಮಂಚ ಕಟ್ಟಕ್ಕಾದ್ರೆ ಆಗುತ್ತೆ" ಅಂತ ಹೇಳಿ ಕಳಿಸಿದ್ದರು. ಅಮ್ಮನಿಗೆ ಕೋಪ ಬರಬೇಕಿತ್ತೋ ಇಲ್ಲವೋ, ನೀನೇ ಹೇಳು. ಅವಳು ವಾಪಸು ಬಂದ ನೂಲಿನ ಲಡಿಗಳನ್ನು ನೋಡಿ, "ಏನೋ ಅವಸರ ಇದ್ದಿರಬೇಕು, ಇಲ್ದಿದ್ರೆ ನನ್ನ ಮಗಳು ತೆಗೀತಾಳಾ" ಅಂದಳು. ಹೆಮ್ಮೆಯಿಂದ ಅಂದಳು ಅಕ್ಕ. ನೀನು ಬೆಂಗಳೂರಿನಿಂದ ಕೈ ಚಾಚಿ ನಮ್ಮನೆ ಮುಟ್ಟಿ ಹೋದೆಯೇನೋ ಅನ್ನುವ ಹಾಗೆ.

ನನಗೆ ತಲೆಕೆಡುವುದು ಇಲ್ಲೇ. ಈ ಕಾಲೋನಿಯಲ್ಲಿ ಕರೆಂಟು ಬಂದರೆ ಮಕ್ಕಳು "ಕರೆಂಟ್ ಬಂತು" ಅನ್ನುವುದಿಲ್ಲ, "ಹರಿಣಿ ಬಂದ್ಲು" ಅನ್ನುತ್ತವೆ. ಮೊದಲು ನನಗೂ ಇದು ಚೆಂದವೆನಿಸಿತ್ತು. ನಮ್ಮ ಬೀದಿಯ ಹೆಣ್ಣುಮಗಳು ಇಂಜಿನಿಯರಾಗಿ ರಾಜ್ಯದ ಗ್ರಿಡ್ಡಿನ ಮುಂದೆ ಕೂತಳಲ್ಲ ಅಂತ ನಾನೇ ಎಷ್ಟು ಜನರ ಮುಂದೆ ಎದೆ ಉಬ್ಬಿಸಿಲ್ಲ. ಆಮೇಲೆ ಆವುಲಪ್ಪನ ಮಗಳ ಮದುವೆ ಬಂತು. ಆವುಲಪ್ಪ ಈ ಲೈನಿಗೆ ಲೈನ್‌ಮನ್ನು, ಅವನೇ ನಮ್ಮನೆಗೆ ಬಂದು ಅಮ್ಮನಿಗೆ, "ಕೊಂಡಮ್ಮಕ್ಕ, ಧಾರೆ ಹೊತ್ತಿಗೆ ಕರೆಂಟು ಹೋಗದಂಗೆ ಹರಿಣಿಗೊಂದು ಮಾತು ಹೇಳಮ್ಮ" ಅಂತ ಕೇಳಿದ. ಕಂಬ ಹತ್ತುವವನೇ ಹೀಗೆ ಕೇಳಿದರೆ ಮಿಕ್ಕವರ ಗತಿ ಏನು. ಅಮ್ಮ ನಿನಗೆ ಫೋನು ಮಾಡಿದಳು. ನೀನು ನಕ್ಕೆ. ಅವತ್ತು ಕರೆಂಟು ಹೋಗಲಿಲ್ಲ, ಅವತ್ತು ಹೋಗುವುದೇ ಇರಲಿಲ್ಲ, ಅದು ನಿನಗೂ ಗೊತ್ತು ನನಗೂ ಗೊತ್ತು. ಮಾರನೇ ದಿನ ಅಮ್ಮ ಫೋನಿನಲ್ಲಿ "ಥ್ಯಾಂಕ್ಸ್ ಕಣಮ್ಮ" ಅಂದಾಗ ನೀನು "ಅದರಲ್ಲೇನಿದೆ ಬಿಡಮ್ಮ" ಅಂದೆ. "ನಾನಲ್ಲಮ್ಮ ಮಾಡಿದ್ದು" ಅನ್ನಲಿಲ್ಲ. ಅವಳಿಗೆ ಖುಷಿಯಾಗಲಿ ಅಂತ ಬಿಟ್ಟೆ ಅಂತ ನನಗೆ ಗೊತ್ತು. ಅದೇ ಈಗ ಕುತ್ತಿಗೆಗೆ ಬಂದಿದೆ.

ಹೇಗೆ ಬಂತು ಅಂತ ಕೇಳು. ಕುಡುಮಲಕುಂಟೆ ಕೈಗಾರಿಕಾ ಪ್ರದೇಶದ ಆಚೆ ಒಂದು ಕಂಪನಿ ಡೇಟಾ ಸೆಂಟರು ಕಟ್ಟುತ್ತಿದೆ. ನಿನಗೆ ಗೊತ್ತಿರುತ್ತದೆ, ಅದರ ಲೋಡು ನಿನ್ನ ಪರದೆಗೇ ಬರಬೇಕಲ್ಲ. ಕೃತಕ ಬುದ್ಧಿಯ ಯಂತ್ರಗಳಂತೆ, ಸಾಲುಸಾಲಾಗಿ ಬೀರುಗಳ ಹಾಗೆ ನಿಲ್ಲಿಸಿ ಹಗಲೂ ರಾತ್ರಿ ಓಡಿಸುತ್ತಾರಂತೆ. ಅದಕ್ಕೆ ಕರೆಂಟು ತರುವ ಹೊಸ ಸಬ್‌ಸ್ಟೇಷನ್ನಿಗೆ ನಮ್ಮ ಗೋಮಾಳ ಬೇಕು. ಗ್ರಾಮಸಭೆ ಆಕ್ಷೇಪಣೆ ಇಲ್ಲ ಅಂತ ಬರೆದುಕೊಡಬೇಕು. ಅದಕ್ಕಾಗಿ ಬಂದವನು ಮುರಳಿಮೋಹನ್ ಅಂತ ಕಂಪನಿಯ ಮನುಷ್ಯ. ಒಳ್ಳೆಯ ಬೂಟು, ಒಳ್ಳೆಯ ತೆಲುಗು, ಅದಕ್ಕಿಂತ ಒಳ್ಳೆಯ ಕನ್ನಡ. ಸಂಘದ ಹೆಂಗಸರ ಮುಂದೆ ಕೂತು, ಇದು ದೇಶದ ಪ್ರಶ್ನೆ, ಅಮೆರಿಕ ಚೀನಾ ಓಡುತ್ತಿವೆ, ನಾವು ಹಿಂದೆ ಬೀಳಬಾರದು ಅಂದ. ನಾನು ಎದ್ದು ನಿಂತು, ಸರ್, ಬೇಸಿಗೆಯಲ್ಲಿ ಕರೆಂಟು ಸಾಲದೆ ಬಂದರೆ ನಿಮ್ಮ ಲೈನು ಕಟ್ ಮಾಡುತ್ತಾರೋ ನಮ್ಮದೋ ಅಂತ ಕೇಳಿದೆ. ಅವನು ಅಮ್ಮನ ಕಡೆ ತಿರುಗಿ, "ಏನಮ್ಮಾ, ನಿಮ್ಮ ಮಗಳೇ ಅಲ್ಲಿ ಕೂತಿದಾರೆ. ಸ್ವಂತ ಊರಿನ ಕರೆಂಟು ತೆಗೀತಾರಾ?" ಅಂದ. ಹೆಂಗಸರೆಲ್ಲ ನಕ್ಕರು. "ಮನ ಪಿಲ್ಲ ಉಂದಿ ಕದಾ" ಅಂತ ಹಿಂದಿನಿಂದ ಯಾರೋ ಅಂದರು. ನಮ್ಮ ಹುಡುಗಿ ಇದ್ದಾಳಲ್ಲ. ನನ್ನ ಪ್ರಶ್ನೆ ಅಲ್ಲೇ ಸತ್ತಿತು. ಇದಾದ ವಾರಕ್ಕೇ ನೀನು ಕರೆಂಟು ತೆಗೆದೆ, ಆದರೂ ಆ ಪ್ರಶ್ನೆ ಬದುಕಲಿಲ್ಲ.

ನೀನು ನನ್ನನ್ನು ಪುಸ್ತಿಕೆ ಪಂಡಿತೆ ಅನ್ನುತ್ತೀಯ. ಇರಲಿ. ಚಿಕ್ಕಬಳ್ಳಾಪುರದ ಸಭೆಗಳಲ್ಲಿ ಮೇಜಿನ ಮೇಲೆ ಮಾರುವ ಆ ತೆಳ್ಳನೆಯ ಪುಸ್ತಿಕೆಗಳಿಂದಲೇ ನಾನು ಜಗತ್ತು ಕಲಿತದ್ದು, ನಾಚಿಕೆಯೇನಿಲ್ಲ. ಅವುಗಳಲ್ಲಿ ಓದಿದ್ದನ್ನು ನಿನಗೆ ಹೇಳುವುದು ಸೂರ್ಯನಿಗೆ ಟಾರ್ಚು ಹಿಡಿದ ಹಾಗೆ. ಆದರೂ ಕೇಳು, ನೀನು ಗ್ರಿಡ್ಡನ್ನು ಒಳಗಿಂದ ನೋಡುತ್ತೀಯ, ನಾವು ಹೊರಗಿಂದ. ಈ ಓಟದಲ್ಲಿ ಎಲ್ಲರೂ ಆ ಯಂತ್ರಗಳೊಳಗಿನ ಚಿಪ್, ಚಿಪ್ ಅನ್ನುತ್ತಾರೆ. ಅಮೆರಿಕದ ಹತ್ತಿರ ಚಿಪ್ ಇದೆ, ಅದನ್ನು ಓಡಿಸುವ ಕರೆಂಟಿಗೆ ಪರದಾಟ. ಮುಚ್ಚಿಟ್ಟಿದ್ದ ಅಣುಸ್ಥಾವರವನ್ನೇ ಮತ್ತೆ ತೆರೆಯಲು ಹೊರಟಿದ್ದಾರೆ, ಹೊಸ ಲೈನಿಗೆ ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಚೀನಾ ಉತ್ಪಾದಿಸುವ ಕರೆಂಟು ಅಮೆರಿಕದ್ದರ ಎರಡು ಪಟ್ಟಿಗೂ ಹೆಚ್ಚು, ನಮ್ಮದರ ಸುಮಾರು ಐದು ಪಟ್ಟು. ಆ ಕರೆಂಟನ್ನು ಅವರು ಈ ಯಂತ್ರಗಳಿಗೆ ಅಂತ ಮಾಡಿದ್ದಲ್ಲ. ಊರಿಗೆ, ಕಾರ್ಖಾನೆಗೆ, ರೈಲಿಗೆ ಅಂತ ಮೊದಲೇ ಮಾಡಿಟ್ಟಿದ್ದರು. ಯಂತ್ರಗಳು ಬಂದಾಗ ಕೈಯಲ್ಲಿ ಮಿಕ್ಕಿತ್ತು. ಅಲ್ಲಿ ಎಲ್ಲವೂ ಸರಿಯಿದೆ ಅಂತ ನಾನು ಹೇಳುತ್ತಿಲ್ಲ, ಅಲ್ಲಿ ಕೂತು ಇಂಥ ಕಾಗದ ಬರೆಯಲು ಬಿಡುತ್ತಾರೋ ಇಲ್ಲವೋ. ಕರೆಂಟಿನ ಮಾತು ಮಾತ್ರ ಹೇಳುತ್ತಿದ್ದೇನೆ. ತುಂಬಿದ ಮಡಕೆಯಿಂದ ನೆಂಟರಿಗೆ ಬಡಿಸುವುದು ಬೇರೆ, ಮನೆಯ ಮಕ್ಕಳ ತಟ್ಟೆಯಿಂದ ತೆಗೆದು ಬಡಿಸುವುದು ಬೇರೆ. ನಾವು ಎರಡನೆಯದನ್ನು ಮಾಡಿ ಅದಕ್ಕೆ ದೇಶದ ಮರ್ಯಾದೆ ಅಂತ ಹೆಸರಿಟ್ಟಿದ್ದೇವೆ. ಇಲ್ಲಿಂದ ಪಾವಗಡ ಎಷ್ಟು ದೂರ? ಬಯಲು ತುಂಬ ಸೋಲಾರ್ ಹಾಸಿದ್ದಾರೆ, ಬಿಸಿಲಿಗಂತೂ ನಮ್ಮಲ್ಲಿ ಬರವಿಲ್ಲ, ಆದರೂ ಹಗಲು ಹೊತ್ತಿನಲ್ಲೇ ನಮ್ಮ ರಾಟೆ ನಿಲ್ಲುತ್ತದೆ. ಇದು ಯಾವ ಲೆಕ್ಕ ಅಂತ ನನಗೆ ಅರ್ಥವಾಗುವುದಿಲ್ಲ. ನಿನಗೆ ಅರ್ಥವಾಗುತ್ತದೆ ಅನ್ನುವುದೇ ನನ್ನ ಕೋಪ.

ಯಂತ್ರದ ಮೇಲೆ ನನಗೆ ದ್ವೇಷವಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಂಗ್ಲಿಷಿನ ವರದಿಗಳನ್ನು ನನ್ನ ಫೋನು ಕನ್ನಡ ಮಾಡಿ ಓದಿಸುವುದು ಅಂಥದೇ ಯಾವುದೋ ಯಂತ್ರದಿಂದ. ಒಂದು ದಿನ ತಲೆಕೆಟ್ಟು ಅದನ್ನೇ ಕೇಳಿದೆ: ಹಗಲಿನ ಕರೆಂಟು ಮೊದಲು ರೇಷ್ಮೆ ಶೆಡ್ಡಿಗೋ, ನಿನಗೋ? ಎರಡೂ ಕಡೆ ನ್ಯಾಯವಿದೆ, ಸಮತೋಲನ ಬೇಕು ಅಂತ ಉದ್ದಕ್ಕೆ ಬರೆಯಿತು. ನಮ್ಮ ಪಂಚಾಯ್ತಿ ಅಧ್ಯಕ್ಷರು ಚೆನ್ನರಾಯಪ್ಪನವರು ಬದುವಿನ ಜಗಳ ಬಿಡಿಸುವುದೂ ಹೀಗೇ. ಇಬ್ಬರಿಗೂ ಟೀ ಕುಡಿಸಿ ಕಳಿಸುತ್ತಾರೆ, ಬದು ಎಲ್ಲಿತ್ತೋ ಅಲ್ಲೇ ಇರುತ್ತದೆ.

ನೀನು ಏನು ಹೇಳುತ್ತೀಯ ಅಂತ ನನಗೆ ಗೊತ್ತು, ಹೋದ ದೀಪಾವಳಿಗೆ ಬಂದಾಗ ಹೇಳಿದ್ದೀಯ. "ಇರೋ ಕರೆಂಟಿಗಿಂತ ಎಳೆಯೋದು ಜಾಸ್ತಿಯಾಗಿ ಫ್ರೀಕ್ವೆನ್ಸಿ ಬಿದ್ರೆ ನಾನು ಯೋಚನೆ ಮಾಡ್ತಾ ಕೂತ್ಕೊಳಕ್ಕಾಗಲ್ಲ ಅಮೃತ. ಯಾರದ್ದಾದ್ರೂ ಕರೆಂಟು ತೆಗೀಲೇಬೇಕು, ಇಲ್ದಿದ್ರೆ ಇಡೀ ದಕ್ಷಿಣ ಭಾರತ ಕತ್ತಲೆ." ಒಪ್ಪಿದೆ. ಆಸ್ಪತ್ರೆ, ರೈಲು, ನೀರಿನ ಪಂಪು, ಎಲ್ಲ ಉಳಿಸಬೇಕು ಅಂತ ನೀನು ಗುಂಡಿ ಒತ್ತುತ್ತೀಯ. ನಿನ್ನ ಕೈ ನಡುಗುವುದಿಲ್ಲ ಅಂತ ನನಗೆ ಹೆಮ್ಮೆಯೇ. ಆದರೆ ಅವತ್ತೇ ನೀನು ಇನ್ನೊಂದು ಮಾತೂ ಹೇಳಿದೆ, ಅಮ್ಮ ಒಳಗಿದ್ದಾಗ, ಮೆಲ್ಲಗೆ. ತಡೆಯಿಲ್ಲದೆ ಕರೆಂಟು ಕೊಡುವ ಕರಾರು ಇರುವವರನ್ನು ಮುಟ್ಟುವ ಹಾಗಿಲ್ಲ; ಅಂಥವರು ಜಾಸ್ತಿ ಆದಷ್ಟೂ ಉಳಿದವರ ಸರದಿ ಬೇಗಬೇಗ ಬರುತ್ತೆ; ಊರು ಯಾವುದು ಅಂತ ನೋಡೋದೇ ಇಲ್ಲ, ಲೈನಿನ ನಂಬರು ಅಷ್ಟೇ. ಈ ಮಾತನ್ನು ನಾನು ಇಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ. "ನಿಂಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು ಕಣೇ" ಅಂದಳು ಅಮ್ಮ. ಅಪ್ಪ ಪೇಪರು ಮಡಿಸಿಟ್ಟು ಹೊರಗೆ ಹೋದ.

ಈಗ ನನ್ನ ಬೇಡಿಕೆ. ಸಬ್‌ಸ್ಟೇಷನ್ನು ಬೇಡ ಅಂತ ನಾನು ಹೇಳುತ್ತಿಲ್ಲ, ಚೆನ್ನರಾಯಪ್ಪನವರು ಹಾಗೆಂದು ಹಬ್ಬಿಸಿದ್ದಾರೆ. ಒಂದು ಷರತ್ತು ಹಾಕಿ ಕೊಡೋಣ ಅಂತಿದ್ದೇನೆ. ಆ ಹೊಸ ಸಬ್‌ಸ್ಟೇಷನ್ನಿನಿಂದ ನಮ್ಮ ರೇಷ್ಮೆ ಶೆಡ್ಡುಗಳಿಗೆ ಒಂದು ಪ್ರತ್ಯೇಕ ಲೈನು, ಕಂಪನಿಯ ಲೈನಿಗಿರುವ ಅದೇ ತಡೆಯಿಲ್ಲದ ಕರಾರು, ವಿದ್ಯುತ್ ಇಲಾಖೆಯ ಸಹಿ ಸಮೇತ. ದೇಶ ಗೆಲ್ಲಬೇಕಾದರೆ ಆ ಯಂತ್ರಗಳ ಸಾಲಿನಲ್ಲೇ ನಾವೂ ನಿಲ್ಲುತ್ತೇವೆ, ಹಿಂದೆಯೂ ಅಲ್ಲ ಮುಂದೆಯೂ ಅಲ್ಲ. ಇದನ್ನು ಕೇಳಲು ಇದಕ್ಕಿಂತ ಒಳ್ಳೆಯ ಸಮಯ ಬರುವುದಿಲ್ಲ. ಬೇರೆ ಕಡೆ ಜಾಗ ಹುಡುಕಿ, ಗುಡ್ಡ ಸುತ್ತಿ ಲೈನು ಎಳೆಯುವುದೆಂದರೆ ಅವರಿಗೆ ಒಂದು ವರ್ಷ ಹಾಳು, ಮತ್ತು ಓಡುವವನಿಗೆ ಕಾಯುವಷ್ಟು ಸಮಯವಿರುವುದಿಲ್ಲ. ಸಬ್‌ಸ್ಟೇಷನ್ನು ಕಟ್ಟಿ ಮುಗಿದ ಮೇಲೆ ನಮ್ಮ ಮಾತು ಯಾರಿಗೆ ಬೇಕು. ಆಮೇಲೆ ಶೆಡ್ಡಿಗೆ ಬೀಗ ಹಾಕಿ, ಅಮ್ಮ ಮತ್ತು ಆ ಹೆಂಗಸರು ಮೊದಲಿನ ಹಾಗೆ ಬೆಳಗಿನ ಬಸ್ಸಿಗೆ ಶಿಡ್ಲಘಟ್ಟಕ್ಕೆ ಹೋಗಿ ಬೇರೆಯವರ ಶೆಡ್ಡಿನಲ್ಲಿ ಕೂಲಿಗೆ ನಿಲ್ಲಬೇಕು. ಲೋಟವನ್ನು ಬೇರೆ ಇಟ್ಟು ಟೀ ಕೊಡುತ್ತಿದ್ದ ಶೆಡ್ಡುಗಳವು. ನಿನಗೆ ನೆನಪಿದೆ, ನನಗಿಂತ ಚೆನ್ನಾಗಿ ನೆನಪಿದೆ. ಸ್ವಂತ ಶೆಡ್ಡು ಹಾಕಿದ ದಿನ ಅಮ್ಮ ಬುದ್ಧವಂದನೆ ಹೇಳುವಾಗ ಅರ್ಧಕ್ಕೇ ನಿಲ್ಲಿಸಿದಳಲ್ಲ, ಮಿಕ್ಕದ್ದನ್ನು ನೀನೇ ಹೇಳಿ ಮುಗಿಸಿದ್ದು.

ಈ ಷರತ್ತಿಗೆ ಅಡ್ಡ ನಿಂತಿರುವುದು ಕಂಪನಿಯಲ್ಲ ಅಕ್ಕ, ಅಮ್ಮ. ಷರತ್ತು ಹಾಕುವುದೆಂದರೆ ಮಗಳ ಮೇಲೆ ನಂಬಿಕೆಯಿಲ್ಲ ಅಂತ ಊರ ಮುಂದೆ ಬರೆದುಕೊಟ್ಟ ಹಾಗಂತೆ. "ಹೆತ್ತ ಮಗಳಿಗೇ ಕರಾರು ಪತ್ರ ಕೇಳೋ ತಾಯಿ ನಾನಲ್ಲ" ಅನ್ನುತ್ತಾಳೆ. ಸಂಘದ ಅಧ್ಯಕ್ಷೆ ಅವಳು, ಅವಳು ಹೇಳಿದ ಕಡೆ ಹೆಂಗಸರೆಲ್ಲ. ನಾನು ಅಂಕಿಅಂಶ ಹೇಳಿದೆ, ಬೇಡಿಕೊಂಡೆ, ಒಂದು ದಿನ ಊಟ ಬಿಟ್ಟೆ. ಮಧ್ಯಾಹ್ನಕ್ಕೆ ಮುದ್ದೆ ಸಾರು ತಂದು ಮುಂದಿಟ್ಟು, "ತಿಂದ್ಕೊಂಡು ಹೋರಾಟ ಮಾಡಮ್ಮ" ಅಂದಳು. ತಿಂದೆ, ಏನು ಮಾಡಲಿ, ಅವರೆಕಾಳಿನ ಸಾರು.

ಅದಕ್ಕೆ ನೀನು ಬರಬೇಕು. ಯುಗಾದಿಗೆ ರಜೆಯಿಲ್ಲ ಅಂದೆ, ಹೊಸತೊಡಕಿಗೂ ಇಲ್ಲ ಅಂದೆ. ಬೇಡ ಬಿಡು, ಹೋಳಿಗೆಯೂ ಬೇಡ ಬಾಡೂ ಬೇಡ. ಹಬ್ಬ ಮುಗಿದ ಶನಿವಾರ ಹನ್ನೊಂದಕ್ಕೆ ಗ್ರಾಮಸಭೆ. ನಿನ್ನ ಜೊತೆ ಕೆಲಸ ಮಾಡುವ ಪ್ರಿಯಂವದಾ ಅವರ ತಮ್ಮನ ಮದುವೆಗೆ ನೀನು ಅವರ ಶಿಫ್ಟು ಮಾಡಿದ್ದೆಯಲ್ಲ, ಈಗ ಅವರು ನಿನ್ನದೊಂದು ಮಾಡಲಿ. ನೀನು ಕಂಪನಿಯ ವಿರುದ್ಧ ಮಾತಾಡಬೇಡ, ಇಲಾಖೆಯ ಬಗ್ಗೆ ಒಂದಕ್ಷರ ಆಡಬೇಡ, ನಿನ್ನ ಕೆಲಸಕ್ಕೆ ಕುತ್ತು ತರುವ ಆಸೆ ನನಗಿಲ್ಲ. ಎದ್ದು ನಿಂತು ಎರಡೇ ಮಾತು ಹೇಳು: ಸೋಮವಾರ ತೆಗೆದವಳು ನಾನು. ಮುಂದೆಯೂ ತೆಗೆಯುತ್ತೇನೆ, ನಿಮ್ಮನ್ನು ಉಳಿಸುವುದು ನನ್ನ ಕೈಯಲ್ಲಿಲ್ಲ. ಅಷ್ಟೇ. ಬೀದಿಯ ಕಣ್ಣಿನಲ್ಲಿ ನೀನು ಸ್ವಲ್ಪ ಚಿಕ್ಕವಳಾಗುತ್ತೀಯ, ಅಮ್ಮನ ಕಣ್ಣಿನಲ್ಲಿ ಇನ್ನೂ ಸ್ವಲ್ಪ. ನನಗೆ ಗೊತ್ತು ಅದು ಎಷ್ಟು ಕಷ್ಟ ಅಂತ. ನಮ್ಮಂಥವರ ಮನೆಯಿಂದ ಒಬ್ಬಳು ಅಲ್ಲಿಗೆ ತಲುಪಲು ಎಷ್ಟು ತಲೆಮಾರು ಬೇಕಾಯಿತು, ತಲುಪಿದವಳನ್ನೇ ಕರೆದು ನನ್ನ ಕೈಯಲ್ಲಿ ಏನೂ ಇಲ್ಲ ಅಂತ ಹೇಳು ಅನ್ನುತ್ತಿದ್ದೇನೆ. ಆದರೆ ನಿಜವಾದ ಲೈನು ಬೇಕಾದರೆ ಸುಳ್ಳು ಲೈನು ಮೊದಲು ಬಿಚ್ಚಬೇಕು.

ಅಪ್ಪ ಆಶೀರ್ವಾದ ಹೇಳಿದ್ದಾನೆ. ಆವುಲಪ್ಪ ನಿನ್ನನ್ನು ಕೇಳಿದ ಅಂತ ಹೇಳಲು ಹೇಳಿದ. ಕಣ್ಣಿಗೆ ಸೌತೆಕಾಯಿ ಮರೆಯಬೇಡ. ಜೈಭೀಮ್.

ನಿನ್ನ ಮೇಲೆ ಕೋಪವಿರುವ, ಪ್ರೀತಿಯೂ ಇರುವ ತಂಗಿ,
ಅಮೃತ

ಇನ್ನೊಂದು ಮಾತು: ಅಮ್ಮ ಪಕ್ಕದ ಮನೆಗೆ ಹೋಗಿದ್ದಾಳೆ, ಮಡಿಸಿದ ಕಾಗದವನ್ನು ಬಿಚ್ಚಿ ಬರೆಯುತ್ತಿದ್ದೇನೆ. ನಿನಗೆ ಹೇಳಕೂಡದು ಅಂತ ಆಣೆ ಮಾಡಿಸಿಕೊಂಡಿದ್ದಾಳೆ. ಆಣೆಗಳಲ್ಲಿ ನನಗೆ ನಂಬಿಕೆಯಿಲ್ಲ ಅಂತ ಅವಳಿಗೆ ಗೊತ್ತಿರಬೇಕಿತ್ತು. ಕರೆಂಟು ಹೋದಾಗ ಶೆಡ್ಡಿನಲ್ಲಿ ಎಲ್ಲರೂ ಮೊದಲು ಮೋಟಾರಿನ ಸ್ವಿಚ್ಚು ಆರಿಸುತ್ತಾರೆ. ಅಮ್ಮ ಆರಿಸುವುದಿಲ್ಲ. "ಅವಳು ಕಳಿಸಿದ ತಕ್ಷಣ ತಗೋಬೇಕು, ಬಾಗಿಲು ಹಾಕ್ಕೊಂಡಿರಬಾರದು" ಅನ್ನುತ್ತಾಳೆ. ಸೋಮವಾರ ರಾಟೆಗೆ ಸಿಕ್ಕಿಕೊಂಡ ಎಳೆ ಬಿಡಿಸುತ್ತಿದ್ದಳು, ಕರೆಂಟು ಬಂತು. ಬಲಗೈಯ ಎರಡು ಬೆರಳು ಹಲ್ಲುಚಕ್ರಕ್ಕೆ ಹೋದವು. ಗೌರಿಬಿದನೂರಿನಲ್ಲಿ ಹೊಲಿಗೆ ಹಾಕಿಸಿದ್ದೇವೆ, ಬೆರಳು ಉಳಿದಿವೆ. ಇನ್ನು ಎಳೆ ಹಿಡಿಯಲು ಬರುತ್ತದೋ ಇಲ್ಲವೋ ಡಾಕ್ಟರು ಹೇಳಲಿಲ್ಲ. ಆಟೋದಲ್ಲಿ ದಾರಿಯುದ್ದಕ್ಕೂ ಅವಳು ಅಂದದ್ದು ಒಂದೇ: "ಹರಿಣಿಗೆ ಹೇಳ್ಬೇಡ ಕಣೇ, ಇನ್ನೊಂದ್ಸಲ ನಮ್ಮೂರಿಗೆ ಕರೆಂಟು ಕೊಡಕ್ಕೆ ಹೆದರ್ಕೋತಾಳೆ." ಗ್ರಾಮಸಭೆಯಲ್ಲಿ ಷರತ್ತಿಲ್ಲದ ಆ ಒಪ್ಪಿಗೆ ಕಾಗದಕ್ಕೆ ಸಂಘದ ಪರವಾಗಿ ಮೊದಲ ಸಹಿ ಅವಳದು. ನೀನು ಸ್ಲೇಟಿನ ಮೇಲೆ ಕೈಹಿಡಿದು ತಿದ್ದಿಸಿದ ಸಹಿ ಈಗ ಬರುವುದಿಲ್ಲ. ಎಡಗೈ ಹೆಬ್ಬೆಟ್ಟು ಒತ್ತುತ್ತಾಳಂತೆ. ನಾನು ತಡೆದರೆ ನಿಲ್ಲುವುದಿಲ್ಲ, ನೀನು ಹೇಳಿದರೆ ನಿಲ್ಲುತ್ತಾಳೆ. ಮಾರ್ಚ್ ೨೧, ಶನಿವಾರ, ಬೆಳಿಗ್ಗೆ ಹತ್ತು ಗಂಟೆಗೆ ಮಂಚೇನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.